ಕಟ್ಟಿ ಕೆಡವುವ ಇಟ್ಟಿಗೆ

ಸಂಕ್ರಾಂತಿಯ ಆಸುಪಾಸಿನಲ್ಲಿ ಕೃಷ್ಣರಾಜನಗರದ ಬಳಿಯ ಚುಂಚನಕಟ್ಟೆಯಲ್ಲಿ ದನಗಳ ಜಾತ್ರೆ ಸೇರುತ್ತದೆ. ದೊಡ್ಡವರು ಎತ್ತಿನ ಹಲ್ಲು ನೋಡುತ್ತಿದ್ದರೆ ಮಕ್ಕಳ ಕಣ್ಣು ಆಟಿಕೆ ಅಂಗಡಿಯ ಮೇಲೆ. ಇಂಥ ಅಂಗಡಿಗಳಲ್ಲಿ ಪೀಪಿ, ಬುಗುರಿಗಳ ನಡುವೆ ಚೀಲದಲ್ಲಿ ತುಂಬಿಟ್ಟ ಬಣ್ಣದ ಪ್ಲಾಸ್ಟಿಕ್ ಇಟ್ಟಿಗೆಗಳೂ ಸಿಗುತ್ತವೆ. ಪೀಪಿ ಊರು ಸೇರುವ ಮೊದಲೇ ಒಡೆಯುತ್ತದೆ. ಇಟ್ಟಿಗೆ ಅಣ್ಣನಿಂದ ತಮ್ಮನಿಗೆ ದಾಟುತ್ತದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಮಗು ಅದರಲ್ಲಿ ಮೊದಲು ಹೊಗೆಸೊಪ್ಪಿನ ಬ್ಯಾರನ್ ಕಟ್ಟಿದರೆ ಆಶ್ಚರ್ಯವಿಲ್ಲ. ಕಂಡದ್ದನ್ನೇ ತಾನೆ ಕಟ್ಟುವುದು!

ಈ ಆಟಿಕೆಯನ್ನು ಜಗತ್ತಿಗೆ ಪರಿಚಯಿಸಿದ್ದು ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಊರು. ಅಲ್ಲಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್‌ಸನ್ 1932ರಲ್ಲಿ ಮರದ ಆಟಿಕೆ ಮಾಡತೊಡಗಿದ. 'ಚೆನ್ನಾಗಿ ಆಡು' ಎಂಬರ್ಥದ ಡೇನಿಷ್ ಮಾತಿನಿಂದ 'ಲೆಗೊ' ಎಂಬ ಹೆಸರು ಹುಟ್ಟಿತು. 1949ರಲ್ಲಿ ಬಂದ ಅವನ ಪ್ಲಾಸ್ಟಿಕ್ ಇಟ್ಟಿಗೆಯ ಕಲ್ಪನೆ ಪೂರ್ತಿ ಸ್ವಂತದ್ದಲ್ಲ. ಇಂಗ್ಲೆಂಡಿನ ಹಿಲರಿ ಪೇಜ್ ಅಂಥದ್ದನ್ನು ಮೊದಲೇ ಮಾಡಿದ್ದ.

ಆ ಇಟ್ಟಿಗೆಯ ಹೊಟ್ಟೆ ಟೊಳ್ಳು. ಒಂದರ ಮೇಲೊಂದು ಕೂರುತ್ತಿತ್ತು, ಆದರೆ ಬಿಗಿಯಿಲ್ಲ. 1958ರ ಜನವರಿ 28ರಂದು ಓಲೆಯ ಮಗ ಗಾಡ್‌ಫ್ರೆಡ್ ಪೇಟೆಂಟಿಗೆ ಅರ್ಜಿ ಹಾಕಿದ ಹೊಸ ವಿನ್ಯಾಸದಲ್ಲಿ ಒಳಗಡೆ ಸಣ್ಣ ಕೊಳವೆಗಳಿದ್ದವು. ಕೆಳಗಿನ ಇಟ್ಟಿಗೆಯ ಗುಬುಟುಗಳು ಕೊಳವೆಗೂ ಗೋಡೆಗೂ ನಡುವೆ ಒತ್ತಿ ಕೂರುತ್ತವೆ. ಪ್ಲಾಸ್ಟಿಕ್ ಕೂದಲೆಳೆಯಷ್ಟೂ ಇಲ್ಲದ ಮಟ್ಟಿಗೆ ಬಾಗಿ ಹಿಡಿದುಕೊಳ್ಳುತ್ತದೆ. ಅಂಟು, ಮೊಳೆ ಬೇಡ. ಎತ್ತಿದರೆ ಕಳಚದು, ಮಗು ಎಳೆದರೆ ಬಿಟ್ಟುಕೊಡುತ್ತದೆ. ಬಿಗಿ ಮತ್ತು ಸಡಿಲದ ಈ ಹದವೇ ಆಟದ ಜೀವಾಳ. ಅಳತೆ ಬದಲಾಗಿಲ್ಲವಾದ್ದರಿಂದ 1958ರ ಇಟ್ಟಿಗೆ ಇಂದಿನದಕ್ಕೂ ಕೂಡುತ್ತದೆ.

ಇನ್ನು ಲೆಕ್ಕ. ಎಂಟು ಗುಬುಟಿನ, ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು 24 ಬಗೆಯಲ್ಲಿ ಕೂಡಿಸಬಹುದು, ಮೂರಾದರೆ 1,060. ಆರು ಇಟ್ಟಿಗೆಗೆ 91,51,03,765! ಬೆರಳೆಣಿಕೆಯ ಇಟ್ಟಿಗೆಯಿಂದ ಬೇಸರ ಬಾರದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಪೇಟೆಂಟಿನ ಅವಧಿ ಮುಗಿದ ಮೇಲೆ ಇಟ್ಟಿಗೆಯ ಆಕಾರವನ್ನೇ ವ್ಯಾಪಾರ ಚಿಹ್ನೆಯಾಗಿ ಉಳಿಸಿಕೊಳ್ಳಲು ಕಂಪನಿ ಹೋರಾಡಿತು. 2005ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್, 2010ರಲ್ಲಿ ಯುರೋಪಿನ ನ್ಯಾಯಾಲಯ ಒಪ್ಪಲಿಲ್ಲ: ಕೆಲಸ ಮಾಡುವ ಆಕಾರ ಒಬ್ಬರ ಸ್ವತ್ತಾಗಿ ಉಳಿಯಲಾರದು. ಇಂದು ಹಲವರು ಇದನ್ನು ತಯಾರಿಸುತ್ತಾರೆ, ಕಡಿಮೆ ಬೆಲೆಗೂ ಸಿಗುತ್ತದೆ. ಆದರೆ ಅಚ್ಚಿನ ನಿಖರತೆ ತಪ್ಪಿದರೆ ಬ್ಯಾರನ್ ನಿಲ್ಲದು. ಕೊಳ್ಳುವ ಮುನ್ನ ಎರಡನ್ನು ಕೂಡಿಸಿ ತಲೆಕೆಳಗಾಗಿ ಹಿಡಿದು ನೋಡಿ, ಅಂಗಡಿಯವನು ಚೀಲ ಬಿಚ್ಚಲು ಒಪ್ಪಿದರೆ!