ವಯೋಸಂಬಂಧಿ ಅಕ್ಷಿಪಟಲ ರೋಗ: ಗಣಕಯಂತ್ರ ನೆರವಿನ ಚಿತ್ರ ಪರೀಕ್ಷೆ

ಐವತ್ತು ವರ್ಷ ದಾಟಿದವರಲ್ಲಿ ಅಕ್ಷಿಪಟಲದ ನಡುಭಾಗವಾದ ಮ್ಯಾಕ್ಯುಲಾ ಕ್ರಮೇಣ ಸವೆಯುವ ಸಂಭವವಿರುತ್ತದೆ. ನೋವಿಲ್ಲದ ಈ ರೋಗವನ್ನು ಅನೇಕರು ಕಣ್ಣಿನ ಪೊರೆಯೆಂದೇ ಭಾವಿಸಿ ತಡಮಾಡುತ್ತಾರೆ.

ಫಂಡಸ್ ಕ್ಯಾಮೆರಾದಿಂದ ತೆಗೆದ ಚಿತ್ರದಲ್ಲಿ ಡ್ರೂಸೆನ್ ಎಂಬ ಹಳದಿ ಚುಕ್ಕೆಗಳನ್ನೂ ರಕ್ತಸ್ರಾವದ ಕುರುಹುಗಳನ್ನೂ ತಂತ್ರಾಂಶವು ಗುರುತಿಸಿ, ತಜ್ಞರ ಬಳಿಗೆ ಕಳುಹಿಸಬೇಕಾದವರನ್ನು ಸೂಚಿಸುತ್ತದೆ. ಇದು ರೋಗನಿರ್ಣಯವಲ್ಲ. ಪೊರೆ ದಟ್ಟವಾಗಿದ್ದರೆ ಚಿತ್ರ ಮಸುಕಾಗುತ್ತದೆ. ಅಂತಹ ವರದಿಯನ್ನು ‘ರೋಗವಿಲ್ಲ’ ಎಂದು ತಿಳಿಯಬಾರದು. ಮಧುಮೇಹಿಗಳ ತಪಾಸಣೆಗೆ ರೂಪಿಸಿದ ತಂತ್ರಾಂಶವು ಈ ರೋಗವನ್ನೂ ಹಿಡಿಯುತ್ತದೆಂಬ ಭರವಸೆಯಿಲ್ಲ. 2018ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮೊದಲ ಸ್ವಯಂಚಾಲಿತ ವ್ಯವಸ್ಥೆಯ ಅನುಮತಿಯೂ ಮಧುಮೇಹದ ಅಕ್ಷಿಪಟಲ ರೋಗಕ್ಕಷ್ಟೇ ಸೀಮಿತವಾಗಿತ್ತು. ಆದುದರಿಂದ ಯಾವ ರೋಗಕ್ಕಾಗಿ ಪರೀಕ್ಷೆ ನಡೆಯಿತೆಂಬುದನ್ನು ಫಲಾನುಭವಿಗಳು ಕೇಳಿ ತಿಳಿಯುವುದು ಅವಶ್ಯ.

ಚಿತ್ರವನ್ನು ದೂರದಿಂದಲೇ ಪರಿಶೀಲಿಸಬಹುದಾದ್ದರಿಂದ, ಸೌಲಭ್ಯವಿರುವೆಡೆ ಔರಾದ, ಭಾಲ್ಕಿ ತಾಲ್ಲೂಕುಗಳ ವೃದ್ಧರಿಗೆ ಬೀದರ್ ನಗರಕ್ಕೆ ವೃಥಾ ಪ್ರಯಾಣ ತಪ್ಪೀತು. ಆದರೆ ರಕ್ತನಾಳ ಸೋರುವ ಬಗೆಗೆ ಕಣ್ಣಿನೊಳಗೆ ಚುಚ್ಚುಮದ್ದು ನೀಡಲು ತಜ್ಞರೇ ಬೇಕು. ವಿಳಂಬದಿಂದ ನಷ್ಟವಾದ ದೃಷ್ಟಿ ಮರಳುವುದು ವಿರಳ. ಬಾಗಿಲ ಚೌಕಟ್ಟಿನ ನೇರ ಅಂಚು ಒಂದು ಕಣ್ಣಿಗೆ ಡೊಂಕಾಗಿ ಕಂಡಲ್ಲಿ, ಚಿತ್ರ ಪರೀಕ್ಷೆಗೆ ಕಾಯದೆ ತಾಲ್ಲೂಕು ಆಸ್ಪತ್ರೆಯನ್ನಾಗಲೀ ಬೀದರಿನ ಬ್ರಿಮ್ಸ್ ಆಸ್ಪತ್ರೆಯ ನೇತ್ರ ವಿಭಾಗವನ್ನಾಗಲೀ ಕೂಡಲೇ ಸಂಪರ್ಕಿಸತಕ್ಕದ್ದು. ಪಡಿತರ ಚೀಟಿ ಹಾಗೂ ಹಿಂದಿನ ಔಷಧ ಚೀಟಿಗಳನ್ನು ಜೊತೆಯಲ್ಲಿ ಒಯ್ಯುವುದು.