ನಿಮಗಿದು ಗೊತ್ತೆ? ಓವರ್‌ಟೈಮ್ ಬಾಕಿಗೆ ಸಾಹೇಬರೇ ಹೊಣೆಯೆ?

ಸರ್ಕಾರಿ ನೌಕರಿಯಲ್ಲಿ ಓವರ್‌ಟೈಮ್ ದುಡಿದ ಹಣ ಕೈಸೇರದಿದ್ದರೆ ಅದನ್ನು ಸಾಹೇಬರ ಸ್ವಂತ ಜೇಬಿನಿಂದಲೇ ವಸೂಲಿ ಮಾಡಬಹುದೆ? ಅಮೆರಿಕದಲ್ಲಿ ಒಂದೊಂದು ಕೋರ್ಟಿನದು ಒಂದೊಂದು ಉತ್ತರ.

ಅಲ್ಲಿನ 1938ರ ಕಾರ್ಮಿಕ ಕಾಯ್ದೆಯ ಪ್ರಕಾರ ವಾರಕ್ಕೆ 40 ತಾಸು ಮೀರಿದ ದುಡಿಮೆಗೆ ಒಂದೂವರೆ ಪಟ್ಟು ಕೂಲಿ ಕೊಡಬೇಕು. ಬಾಕಿ ಉಳಿಸಿಕೊಂಡರೆ ಸಾಮಾನ್ಯವಾಗಿ ದುಪ್ಪಟ್ಟು ತೆರಬೇಕು. ಮಾಲೀಕನ ಪರವಾಗಿ ಕೆಲಸಗಾರರನ್ನು ದುಡಿಸಿಕೊಳ್ಳುವ ವ್ಯಕ್ತಿಯೂ ಈ ಕಾಯ್ದೆಯ ಕಣ್ಣಿಗೆ ಮಾಲೀಕನೇ.

ಮೇನ್ ರಾಜ್ಯದ ಪ್ರೊಬೇಷನ್ ಅಧಿಕಾರಿಗಳು ಓವರ್‌ಟೈಮ್ ಹಣಕ್ಕಾಗಿ ರಾಜ್ಯದ ಮೇಲೆಯೇ ದಾವೆ ಹೂಡಿದರು. ಒಪ್ಪಿಗೆಯಿಲ್ಲದೆ ರಾಜ್ಯವನ್ನು ಅದರದೇ ಕೋರ್ಟಿಗೂ ಎಳೆಯುವಂತಿಲ್ಲ ಎಂದು 1999ರಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ತೀರ್ಪಿತ್ತಿತು. ನೌಕರರಿಗೆ ಉಳಿದ ದಾರಿಗಳಲ್ಲೊಂದು, ಅಧಿಕಾರಿಯ ಮೇಲೆ ವೈಯಕ್ತಿಕ ದಾವೆ.

ಅದೂ ಸಲೀಸಲ್ಲ.

ಅಲಬಾಮಾದ ಶೆರಿಫ್ ಒಬ್ಬರಿಗೆ ನೌಕರಳ ಮೇಲೆ ಇದ್ದದ್ದು ಹುದ್ದೆಯ ಹಿಡಿತ, ವೈಯಕ್ತಿಕವಾದದ್ದಲ್ಲ, ಹಾಗಾಗಿ ಅವರು ಸ್ವತಃ ಮಾಲೀಕರಲ್ಲ ಎಂದು 1995ರಲ್ಲಿ ಅಟ್ಲಾಂಟಾದ ಫೆಡರಲ್ ಮೇಲ್ಮನವಿ ನ್ಯಾಯಾಲಯ ಹೇಳಿತು. 2006ರಲ್ಲಿ ನ್ಯೂ ಆರ್ಲಿಯನ್ಸ್‌ನ ಅಂಥದ್ದೇ ನ್ಯಾಯಾಲಯ, ಮಾಲೀಕನಿಗೆ ಇಂಥದ್ದೇ ವ್ಯಾಖ್ಯೆಯಿರುವ ಕೌಟುಂಬಿಕ ಹಾಗೂ ವೈದ್ಯಕೀಯ ರಜೆ ಕಾಯ್ದೆಯ ಪ್ರಕರಣದಲ್ಲಿ ತದ್ವಿರುದ್ಧ ನಿಲುವು ತಳೆದು, ಸರ್ಕಾರಿ ಅಧಿಕಾರಿಯೂ ಸ್ವತಃ ಹೊಣೆಯಾಗಬಹುದು ಎಂದಿತು. ಆದರೆ ಆ ಅಧಿಕಾರಿ ಮಾತ್ರ ಪಾರಾದರು: ಘಟನೆ ನಡೆದಾಗ ಕಾನೂನು ಈ ಬಗ್ಗೆ ಸ್ಪಷ್ಟವಾಗಿರಲಿಲ್ಲ ಎಂಬ ಕಾರಣಕ್ಕೆ ಅವರಿಗೆ ರಕ್ಷಣೆ ಸಿಕ್ಕಿತು.