ಡಿಎನ್‌ಎ ಅಂಕ: ಅಳೆದದ್ದಾ, ಊಹಿಸಿದ್ದಾ?

ನಾನು ಮಾಲೂರಿನವಳು. ನಮ್ಮದೇ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, ಬೆಂಗಳೂರಿನ ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರ 2018ರಿಂದ ಒಂದು ಅಧ್ಯಯನ ನಡೆಸುತ್ತಿದೆ. 45 ದಾಟಿದವರಲ್ಲಿ ಮರೆವಿನ ಕಾಯಿಲೆ ಯಾಕೆ ಬರುತ್ತೆ ಅನ್ನೋದು ಪ್ರಶ್ನೆ. ರಕ್ತ, ಡಿಎನ್‌ಎ ಪರೀಕ್ಷೆಯೂ ಅದರ ಭಾಗ. ಹಾಗಾಗಿ ಡಿಎನ್‌ಎ ಬಗ್ಗೆ ಕಂಪ್ಯೂಟರ್ ಕೊಡುವ ಅಂಕವನ್ನು ಹೇಗೆ ಓದಬೇಕು ಅನ್ನೋದು ನಮ್ಮೂರಿನ ಪ್ರಶ್ನೆಯೂ ಹೌದು.

ಒಂದು ಉದಾಹರಣೆ, ನ್ಯೂಕ್ಲಿಯೋಸೋಮ್. ಪ್ರತಿ ಜೀವಕೋಶದ ಸುಮಾರು 2 ಮೀಟರ್ ಡಿಎನ್‌ಎ, ಹಿಸ್ಟೋನ್ ಎಂಬ ಪ್ರೋಟೀನ್ ಉಂಡೆಗಳಿಗೆ ಸುತ್ತಿಕೊಂಡಿರುತ್ತೆ. ಒಂದೊಂದು ಉಂಡೆಗೆ ಸುಮಾರು 147 ಅಕ್ಷರ. ಸುತ್ತಿಕೊಂಡ ಜಾಗವನ್ನು ಕೋಶ ಓದೋದು ಕಷ್ಟ, ಬಿಚ್ಚಿದ ಜಾಗ ಸುಲಭ.

ಎಲ್ಲಿ ಸುತ್ತಿಕೊಳ್ಳುತ್ತೆ ಅಂತ ಅಕ್ಷರಗಳ ಜೋಡಣೆ ನೋಡಿಯೇ ಊಹಿಸುವ ಮಾದರಿಗಳಿವೆ. ಜಿ, ಸಿ ಹೆಚ್ಚಿದ್ದರೆ ಅಂಕ ಹೆಚ್ಚು. ಎ ಅಕ್ಷರ ಸಾಲುಸಾಲಾಗಿ ಬಂದರೆ ಕಡಿಮೆ, ಯಾಕಂದ್ರೆ ಆ ಎಳೆ ಸುಲಭಕ್ಕೆ ಬಾಗಲ್ಲ. 2009ರ ಪ್ರಸಿದ್ಧ ಮಾದರಿ ಕಲಿತದ್ದು ಯೀಸ್ಟ್ ಡಿಎನ್‌ಎಯಿಂದ, ಅದೂ ಜೀವಕೋಶದ ಹೊರಗೆ.

ತಮಾಷೆ ಅಂದ್ರೆ, ಮನುಷ್ಯರ ಜೀನ್‌ಗಳಿಗೆ ಸ್ವಿಚ್‌ನಂತಿರುವ ಎಷ್ಟೋ ಜಾಗಗಳನ್ನು ಮಾದರಿ 'ಸುತ್ತಿರುತ್ತೆ' ಅನ್ನುತ್ತೆ. ಆ ಸ್ವಿಚ್ ಆನ್ ಆಗಿರುವ ಕೋಶದಲ್ಲಿ ನೋಡಿದರೆ, ಬೇರೆ ಪ್ರೋಟೀನ್‌ಗಳು ಉಂಡೆ ಸರಿಸಿ ಜಾಗ ಬಿಡಿಸಿರುತ್ತವೆ. ನರಕೋಶಕ್ಕೂ ಯಕೃತ್ತಿನ ಕೋಶಕ್ಕೂ ಡಿಎನ್‌ಎ ಒಂದೇ, ಹಾಗಾಗಿ ಅಂಕವೂ ಒಂದೇ. ಬಿಚ್ಚಿರುವ ಜಾಗಗಳು ಬೇರೆ ಬೇರೆ.

ಈ ಅಂಕ ಹೇಳೋದು ಡಿಎನ್‌ಎಯ ಒಲವನ್ನಷ್ಟೇ. ಕೋಶದ ಸ್ಥಿತಿ ತಿಳಿಯಬೇಕಾದರೆ ಆ ಕೋಶದಲ್ಲೇ ಅಳೆಯಬೇಕು. ನಾಳೆ ಯಾರಾದರೂ ಡಿಎನ್‌ಎ ಅಂಕ ತೋರಿಸಿ ಒಬ್ಬರ ಅಥವಾ ಒಂದು ಸಮುದಾಯದ ಹಣೆಬರಹ ಓದಲು ಬಂದರೆ, ಮೊದಲು ಕೇಳಿ: ಇದು ಅಳೆದದ್ದಾ, ಊಹಿಸಿದ್ದಾ? ಅಳೆದಿದ್ದರೆ, ಯಾವ ಕೋಶದಲ್ಲಿ?